ಗುಡ್ಡ ಎಲ್ಲಿ ಹೋತ್ರೀ?

ಗಂಗಾವತಿಯಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ನನ್ನ ಹತ್ತಿರ ವಾರಕ್ಕೊಬ್ಬರಾದರೂ ಬಂದು ಕೇಳುತ್ತಾರೆ: "ಅಣ್ಣಾ, ಲ್ಯಾಂಡ್‌ಸ್ಕೇಪಿಗೆ ಯಾವ ವೈಡ್ ಲೆನ್ಸ್ ತಗೊಳ್ಳಲಿ?" ಲ್ಯಾಂಡ್‌ಸ್ಕೇಪಿಗೆ, ಅಂದರೆ ಬೆಟ್ಟ-ಬಯಲಿನ ಫೋಟೋಗೆ, ಅಗಲವಾಗಿ ತೋರಿಸುವ ವೈಡ್ ಲೆನ್ಸೇ ಬೇಕು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ನನ್ನಿಂದ ಬೇಕಾಗಿರೋದು ಮಾಡೆಲ್ ನಂಬರ್ ಅಷ್ಟೇ.

ಕಾರಟಗಿ ಕಡೆಯ ಒಬ್ಬ ಹುಡುಗ ಕೇಳೋ ಗೋಜಿಗೂ ಹೋಗಲಿಲ್ಲ. ಭತ್ತ ಮಾರಿದ ದುಡ್ಡಿನಲ್ಲಿ ಅಪ್ಪನನ್ನು ಕಾಡಿ ಬೇಡಿ 10-18 ಎಂಎಂ ವೈಡ್ ಲೆನ್ಸ್ ತರಿಸಿಕೊಂಡ. ಬೆಳಗಿನ ಜಾವ ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಿ, ಸೂರ್ಯ ಹುಟ್ಟುವಾಗ ಫೋಟೋ ತೆಗೆದು, ನೇರ ನನ್ನ ಅಂಗಡಿಗೆ ಬಂದ. ಕಂಪ್ಯೂಟರಿನಲ್ಲಿ ನೋಡಿದರೆ ಅರ್ಧ ಫೋಟೋ ಬರೀ ಆಕಾಶ. ಕೆಳಗೆ ಕಾಲ ಬುಡದ ಕಲ್ಲು. ತುಂಗಭದ್ರೆ ಪೈಜಾಮದ ಲಾಡಿಯಷ್ಟು. "ಅಲ್ರೀ ಅಣ್ಣಾ, ಎದುರಿಗಿದ್ದ ಅಷ್ಟು ದೊಡ್ಡ ಗುಡ್ಡ ಎಲ್ಲಿ ಹೋತ್ರೀ?" ಅಂದ.

ಎಲ್ಲೂ ಹೋಗಿಲ್ಲ ತಮ್ಮಾ, ತಟ್ಟೆ ಸಾಲಲಿಲ್ಲ. ಕ್ಯಾಮೆರಾದೊಳಗಿನ ಸೆನ್ಸರ್ ಅಂದರೆ ಊಟದ ತಟ್ಟೆ. ಹತ್ತು ಬಗೆ ಬಡಿಸಿದರೆ ಒಂದೊಂದಕ್ಕೂ ಚೂರೇ ಜಾಗ. ಲೆನ್ಸಿನ ಎಂಎಂ ನಂಬರ್ ಸಣ್ಣದಾದಷ್ಟೂ ನೋಟ ಅಗಲ. ಸಣ್ಣ ಸೆನ್ಸರಿನ ಸಾಮಾನ್ಯ ಕ್ಯಾಮೆರಾದಲ್ಲಿ 18 ಎಂಎಂ ಇಟ್ಟರೆ ಅಡ್ಡಕ್ಕೆ ಸುಮಾರು 65 ಡಿಗ್ರಿ ಕಾಣುತ್ತದೆ. 10ಕ್ಕೆ ತಂದರೆ ಹತ್ತಿರ ಹತ್ತಿರ 100. ನಿಂತ ಜಾಗ ಬದಲಾಗದಿದ್ದರೆ ದೂರದ ಗುಡ್ಡ 18ರಲ್ಲಿ ಕಂಡದ್ದಕ್ಕಿಂತ 10ರಲ್ಲಿ ಅರ್ಧದಷ್ಟಕ್ಕೆ ಇಳಿಯುತ್ತದೆ. ಅದೇ ಗುಡ್ಡ 200ರಲ್ಲಿ 18ರದ್ದಕ್ಕಿಂತ 11 ಪಟ್ಟು ದೊಡ್ಡದು. ಇದನ್ನು ಎಷ್ಟು ಸಲ ಹೇಳಿದರೂ "ವೈಡ್‌ನಲ್ಲಿ ಜಾಸ್ತಿ ಬರುತ್ತಲ್ರೀ" ಅಂತಲೇ ಅನ್ನುತ್ತಾರೆ. ಜಾಸ್ತಿ ಬರುತ್ತೆ, ಹೌದು. ಬೇಡದ್ದೂ ಬರುತ್ತೆ, ಅಲ್ವಾ?

ಹಾಗಂತ ವೈಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಾಟಿಗೆ ಮುಂಚೆ ಗದ್ದೆಗೆ ನೀರು ಕಟ್ಟಿರುತ್ತಾರಲ್ಲ, ಆಗ ಬದುವಿನ ಮೇಲೆ ಮೊಣಕಾಲೂರಿ, ಒಂದು ಮೊಳ ದೂರದಲ್ಲಿ ಸಸಿಮಡಿಯ ಕಟ್ಟು ಬರುವ ಹಾಗೆ ಕೂತುಕೊಳ್ಳಿ. ಆ ಕಟ್ಟು ದೊಡ್ಡದಾಗಿ, ಹಿಂದೆ ನೀರಿನಲ್ಲಿ ಆಕಾಶ. ಅಲ್ಲಿ ವೈಡ್‌ಗೆ ಕೆಲಸ ಇದೆ. ಇಟಗಿ ಮಹಾದೇವ ಗುಡಿಯ ಕಂಬಗಳ ನಡುವೆಯೂ ಇದೆ, ಹಿಂದೆ ಸರಿಯಲು ಜಾಗ ಇರಲ್ಲ. ಹತ್ತಿರ ಹೋಗಲು ಏನಾದರೂ ಇರಬೇಕು, ಹೋಗಲು ಮನಸ್ಸೂ ಇರಬೇಕು. ನಮ್ಮವರು ಗುಡ್ಡದ ತುದಿಯಲ್ಲಿ ನಿಂತು, ಮುಂದೆ ಏನೂ ಇಲ್ಲದೆ, ದೂರಕ್ಕೆ ಗುರಿ ಇಡುತ್ತಾರೆ.

ಹೊಸ ಲೆನ್ಸ್ ತಗೊಳ್ಳುವ ಮುಂಚೆ ನಿಮ್ಮ ಹಳೇ ಫೋಟೋ ನೂರು ತೆಗೆದು ನೋಡಿ. ಎಷ್ಟನ್ನು ಆಮೇಲೆ ಅಂಚು ಕತ್ತರಿಸಿ ಕ್ರಾಪ್ ಮಾಡಿದ್ದೀರಿ? ಆ ಹುಡುಗನದ್ದು ನೋಡಿದೆವು. ಚೆನ್ನಾಗಿದ್ದ ಫೋಟೋಗಳಲ್ಲಿ ಮುಕ್ಕಾಲು ಪಾಲು ಕ್ರಾಪ್ ಮಾಡಿದ್ದವು. ಒಂದರಲ್ಲಿ ಎರಡು ಬಂಡೆಗಳ ನಡುವೆ ಒಂದು ತಾಳೆಮರ ಇತ್ತು, ಅಷ್ಟೇ. ಅವನಿಗೆ ಬೇಕಾಗಿದ್ದದ್ದು 55-250, ದೂರದ್ದನ್ನು ದೊಡ್ಡದಾಗಿ ತೋರಿಸುವ ಉದ್ದ ಲೆನ್ಸ್. ಬೆಲೆ ದೊಡ್ಡದಲ್ಲ, ಸೆಕೆಂಡ್ ಹ್ಯಾಂಡ್ ಕೂಡ ಸಿಗುತ್ತೆ. ಆದರೆ ಎಲ್ಲರಿಗೂ ಅದೇ ಸರಿ ಅಂತ ಹೇಳಲಾರೆ. ನಿಮ್ಮ ಕ್ರಾಪ್ ಏನು ಹೇಳುತ್ತೋ ನೋಡಿ.

ಇನ್ನೊಂದು. ಏಪ್ರಿಲ್ ತಿಂಗಳ ಮಧ್ಯಾಹ್ನ ಹನ್ನೆರಡು ಗಂಟೆಗೆ ಉದ್ದ ಲೆನ್ಸ್ ಹಾಕಿ ಬಂಡೆಗುಡ್ಡ ತೆಗೆದು, "ಲೆನ್ಸ್ ಶಾರ್ಪ್ ಇಲ್ಲ" ಅಂತ ಬರಬೇಡಿ. ಕಾದ ಕಲ್ಲಿನ ಮೇಲಿನ ಗಾಳಿ ಕುದಿಯುವ ಹಾಗೆ ಅಲುಗುತ್ತಿರುತ್ತದೆ. ಲಕ್ಷ ರೂಪಾಯಿ ಲೆನ್ಸಿನಲ್ಲೂ ಅದು ಹಾಗೇ ಬರುತ್ತೆ. ಬೆಳಗ್ಗೆ ಬೇಗ ಎದ್ದು ಹೋಗಿ.

ಆ 10-18 ಈಗಲೂ ಹುಡುಗನ ಹತ್ತಿರವೇ ಇದೆ. ಹೋದ ತಿಂಗಳು ಅಕ್ಕನ ಮದುವೆಯಲ್ಲಿ, ಸಣ್ಣ ಕೋಣೆಯಲ್ಲಿ ಮನೆಮಂದಿಯ ಗ್ರೂಪ್ ಫೋಟೋಗೆ ಬಳಸಿದನಂತೆ. ಎಲ್ಲರೂ ಫೋಟೋದೊಳಗೆ ಬಂದರು. ಅಂಚಿನಲ್ಲಿ ನಿಂತ ಸೋದರತ್ತೆ ಮಾತ್ರ ಅಡ್ಡಡ್ಡ ಹಿಗ್ಗಿ ಬಂದಿದ್ದಾರೆ. ಅವರಿಗೆ ಫೋಟೋ ಇನ್ನೂ ತೋರಿಸಿಲ್ಲ. "ಏನಾದ್ರೂ ಮಾಡಿ ಕೊಡ್ರೀ ಅಣ್ಣಾ" ಅಂತ ನನ್ನ ಮುಂದೆ ಕೂತಿದ್ದಾನೆ.