ಅಮೆರಿಕದ ಪಿಇ ಪರೀಕ್ಷೆ: ಸಬ್ಜೆಕ್ಟ್ ಬರುತ್ತದೆ, ಅಡಿ ಪೌಂಡು ಬರುವುದಿಲ್ಲ

ಹೋದ ಭಾನುವಾರ ಶಿರಾದಿಂದ ಒಬ್ಬ ಹುಡುಗ ಅಮ್ಮನ ಜೊತೆ ತುಮಕೂರಿನ ನಮ್ಮ ಮನೆಗೆ ಬಂದಿದ್ದ. ಸಿವಿಲ್ ಮುಗಿಸಿದ್ದಾನೆ, ಎಂಎಸ್ ಓದಲು ಟೆಕ್ಸಾಸ್‌ಗೆ ಹೊರಟಿದ್ದಾನೆ. ಅವನಿಗಿಂತ ಮೊದಲು ಅಮ್ಮನೇ ಕೇಳಿದರು: "ಸಾರ್, ನಾಲ್ಕು ವರ್ಷ ಇಂಜಿನಿಯರಿಂಗ್ ಓದಿಸಿದ್ದೀವಿ. ಅಲ್ಲಿ ಹೋದ್ಮೇಲೆ ಇಂಜಿನಿಯರ್ ಅನ್ನಿಸ್ಕೊಳ್ಳೋಕೆ ಮತ್ತೆ ಪರೀಕ್ಷೆ ಅಂತಲ್ಲ, ಏನಿದು?"

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆ ಇದೆ, ಇಂಜಿನಿಯರಿಗೆ ಅಂಥ ಕಾಯ್ದೆ ಇಲ್ಲ. ಡಿಗ್ರಿ ಬಂದರೆ ಇಂಜಿನಿಯರ್, ಅಷ್ಟೇ. (ಪ್ಲಾನ್‌ಗೆ ಸಹಿ ಹಾಕಲು ಪಾಲಿಕೆ ಕೊಡುವ ಲೈಸೆನ್ಸ್ ಬೇರೆ ಕತೆ.) ಅಮೆರಿಕದಲ್ಲಿ ಇಂಜಿನಿಯರಿಗೆ ಲೈಸೆನ್ಸ್ ಅನ್ನುವುದು 1907ರಲ್ಲಿ ವಯೋಮಿಂಗ್ ರಾಜ್ಯದಲ್ಲಿ ಶುರುವಾಯಿತು, ಅದೂ ನೀರಿನ ತಕರಾರಿನಿಂದ. ನೀರಿನ ಅರ್ಜಿಗಳ ಜೊತೆ ಕೊಡಬೇಕಾದ ನಕ್ಷೆಗಳನ್ನು ವಕೀಲರು, ನೋಟರಿಗಳು ಎಲ್ಲ ಬರೆದು ಇಂಜಿನಿಯರ್ ಅಂತ ಸಹಿ ಹಾಕುತ್ತಿದ್ದರು. ಈಗ ಎಲ್ಲ ರಾಜ್ಯಗಳಲ್ಲೂ ಲೈಸೆನ್ಸ್ ಇದೆ. ಡ್ರಾಯಿಂಗ್ ಮೇಲೆ ಸೀಲ್ ಒತ್ತುವವನು ಪಿಇ, ಅಂದರೆ ಲೈಸೆನ್ಸ್ ಪಡೆದ ಪ್ರೊಫೆಷನಲ್ ಇಂಜಿನಿಯರ್ ಆಗಿರಬೇಕು.

ದಾರಿ ಹೀಗಿದೆ. ಮೊದಲು ಎಫ್‌ಇ (ಫಂಡಮೆಂಟಲ್ಸ್ ಆಫ್ ಇಂಜಿನಿಯರಿಂಗ್) ಪರೀಕ್ಷೆ: 110 ಪ್ರಶ್ನೆ, 5 ಗಂಟೆ 20 ನಿಮಿಷ. ಆಮೇಲೆ ಸಾಮಾನ್ಯವಾಗಿ ಒಬ್ಬ ಪಿಇ ಕೈಕೆಳಗೆ 4 ವರ್ಷ ಕೆಲಸ. ಆಮೇಲೆ ಪಿಇ ಪರೀಕ್ಷೆ: ಸಿವಿಲ್‌ನಲ್ಲಿ 80 ಪ್ರಶ್ನೆ, 8 ಗಂಟೆ. ಪರೀಕ್ಷೆ ನಡೆಸುವುದು ಎನ್‌ಸಿಇಇಎಸ್ ಅನ್ನುವ ರಾಷ್ಟ್ರಮಟ್ಟದ ಸಂಸ್ಥೆ, ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಬೋರ್ಡ್. ಟೆಕ್ಸಾಸ್‌ನಂಥ ಕೆಲವು ರಾಜ್ಯಗಳಲ್ಲಿ 4 ವರ್ಷ ತುಂಬುವ ಮೊದಲೇ ಪಿಇ ಬರೆದುಬಿಡಬಹುದು, ಲೈಸೆನ್ಸ್ ಮಾತ್ರ ಅನುಭವ ತುಂಬಿದ ಮೇಲೆ. ಎಫ್‌ಇಯನ್ನು ಎಂಎಸ್ ಓದುವಾಗಲೇ ಬರೆದು ಮುಗಿಸಿ. ಕೆಲಸಕ್ಕೆ ಸೇರಿ ಮೂರು ವರ್ಷ ಆದ ಮೇಲೆ ಥರ್ಮೋಡೈನಾಮಿಕ್ಸ್ ಇರಲಿ, ಇಂಟಿಗ್ರೇಷನ್ ಕೂಡ ನೆನಪಿರುವುದಿಲ್ಲ.

ಈಗ ನಮ್ಮ ಹುಡುಗರು ಎಲ್ಲಿ ಜಾರುತ್ತಾರೆ ಅನ್ನುವುದಕ್ಕೆ ಬರುತ್ತೇನೆ. ಸಬ್ಜೆಕ್ಟ್‌ನಲ್ಲಿ ಅಲ್ಲ, ಅಡಿ ಪೌಂಡಿನ ಅಳತೆಯಲ್ಲಿ. ಆ ಹುಡುಗನಿಗೆ ಅಲ್ಲೇ ಒಂದು ಲೆಕ್ಕ ಕೊಟ್ಟೆ. ಹೇಮಾವತಿ ನಾಲೆಯ ಥರದ್ದೇ ಒಂದು ಕಾಂಕ್ರೀಟ್ ನಾಲೆ ಅಂದುಕೋ, ಹೈಡ್ರಾಲಿಕ್ ರೇಡಿಯಸ್ 3.28 ಅಡಿ, ಇಳಿಜಾರು 0.0004, ಮ್ಯಾನಿಂಗ್ ಎನ್ (ನಾಲೆಯ ಒರಟುತನದ ಸಂಖ್ಯೆ) 0.013, ನೀರಿನ ವೇಗ ಹೇಳು ಅಂದೆ. ಪಟಪಟ ಅಂತ ಒತ್ತಿ 3.4 ಅಂದ. ತಪ್ಪು. ಕಾಲೇಜಿನಲ್ಲಿ ಕಲಿತ ಮ್ಯಾನಿಂಗ್ ಸೂತ್ರದಲ್ಲಿ ಮೇಲೆ 1 ಇರುತ್ತದೆ, ಅದು ಮೀಟರಿಗೆ. ಅಡಿಗೆ ಬಂದರೆ ಅಲ್ಲಿ 1.486 ಇರಬೇಕು. ಉತ್ತರ ಸೆಕೆಂಡಿಗೆ ಸುಮಾರು 5.05 ಅಡಿ. ಪ್ರಶ್ನೆ ತೆಗೆಯುವವರಿಗೆ ಇದು ಗೊತ್ತಿಲ್ಲವಾ? ನಾಲ್ಕು ಆಯ್ಕೆಗಳಲ್ಲಿ ನಿಮ್ಮ 3.4 ಕೂಡ ನಗುತ್ತಾ ಕೂತಿರುತ್ತದೆ. ನೀವು ಖುಷಿಯಾಗಿ ಅದನ್ನೇ ಒತ್ತಿ ಮುಂದೆ ಹೋಗುತ್ತೀರಿ.

ಕಾಂಕ್ರೀಟೂ ಹಾಗೇ. ನಮ್ಮ ಕಾಂಕ್ರೀಟ್ ಕೋಡ್ ಐಎಸ್ 456ರಲ್ಲಿ ಎಂ25 ಅಂದರೆ 150 ಮಿ.ಮೀ. ಕ್ಯೂಬ್ ಒಡೆದು ಬಂದ ಬಲ. ಅವರ ಕಾಂಕ್ರೀಟ್ ಕೋಡ್ ಎಸಿಐ ಸಿಲಿಂಡರ್ ಒಡೆಯುತ್ತದೆ, ಅದು ಕ್ಯೂಬ್‌ನ ಸುಮಾರು 0.8ರಷ್ಟು. 4000 ಪಿಎಸ್ಐ (ಚದರ ಇಂಚಿಗೆ ಪೌಂಡು) ಅಂದರೆ 27.6 ಎಂಪಿಎ, ಹಾಗಂತ ಅದು ಎಂ28 ಅಲ್ಲ, ಎಂ35ರ ಹತ್ತಿರ ಬರುತ್ತದೆ. ನಾವು ಲೋಡ್‌ಗೆಲ್ಲ ಕಣ್ಣು ಮುಚ್ಚಿ 1.5 ಹಾಕುತ್ತೇವೆ, ಅವರು ಡೆಡ್ ಲೋಡ್‌ಗೆ (ಕಟ್ಟಡದ ಸ್ವಂತ ಭಾರ) 1.2, ಲೈವ್ ಲೋಡ್‌ಗೆ (ಜನ, ಸಾಮಾನಿನ ಭಾರ) 1.6 ಹಾಕಿ ಗುಣಿಸುತ್ತಾರೆ. ಅಭ್ಯಾಸಬಲ ಅನ್ನುವುದು ಕೆಟ್ಟದ್ದು ಸ್ವಾಮಿ, ಪರೀಕ್ಷೆಯ ಏಳನೇ ಗಂಟೆಯಲ್ಲಿ ಕೈ ತಾನಾಗಿ 1.5 ಒತ್ತುತ್ತದೆ. ಅದಕ್ಕೇ ಮೊದಲ ಒಂದು ತಿಂಗಳು ಹೊಸದೇನೂ ಓದಬೇಡಿ, ಗೊತ್ತಿರುವ ಲೆಕ್ಕಗಳನ್ನೇ ಅಡಿ, ಪೌಂಡು, ಕಿಪ್‌ನಲ್ಲಿ (ಒಂದು ಕಿಪ್ ಅಂದರೆ 1000 ಪೌಂಡು) ಮಾಡಿ. ಕಿಲೋನ್ಯೂಟನ್‌ಗೆ ತಂದು ಲೆಕ್ಕ ಮಾಡಿ ವಾಪಸ್ ಕಿಪ್‌ಗೆ ಹೋಗುವ ಉಪಾಯವನ್ನು ಎಲ್ಲರೂ ಮಾಡುತ್ತಾರೆ, ಒಂದು ಪ್ರಶ್ನೆಗೆ ಸಿಗುವ 6 ನಿಮಿಷದಲ್ಲಿ ಅದಕ್ಕೆ ಟೈಮ್ ಇಲ್ಲ.

ಇನ್ನೊಂದು, ಹ್ಯಾಂಡ್‌ಬುಕ್, ಅಂದರೆ ಪರೀಕ್ಷೆಯಲ್ಲಿ ಅವರೇ ಕೊಡುವ ಸೂತ್ರಗಳ ಪುಸ್ತಕ. ನಾನು ಪಿಇಯಲ್ಲಿ ಮೊದಲ ಸಲ ಫೇಲ್ ಆದೆ. ಆಗ ಪೇಪರ್ ಪರೀಕ್ಷೆ, ಪುಸ್ತಕ ಒಯ್ಯಬಹುದಿತ್ತು. ಎರಡು ಸೂಟ್‌ಕೇಸ್ ಪುಸ್ತಕ ಎಳೆದುಕೊಂಡು ಹೋಗಿ, ಯಾವುದು ಎಲ್ಲಿದೆ ಅಂತ ಹುಡುಕುವುದರಲ್ಲೇ ಮಧ್ಯಾಹ್ನ ಕಳೆದೆ. 2022ರಿಂದ ಸಿವಿಲ್ ಪಿಇ ಕಂಪ್ಯೂಟರ್ ಮೇಲೆ ಬಂದಿದೆ, ಒಂದು ಪುಸ್ತಕವೂ ಒಳಗೆ ಬರುವಂತಿಲ್ಲ. ಪರದೆಯ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಹ್ಯಾಂಡ್‌ಬುಕ್. ಅದೇ ಹ್ಯಾಂಡ್‌ಬುಕ್ ಎನ್‌ಸಿಇಇಎಸ್ ಖಾತೆ ತೆರೆದರೆ ಪುಕ್ಕಟೆ ಸಿಗುತ್ತದೆ. ಕೋಚಿಂಗ್‌ಗೆ ದುಡ್ಡು ಕಟ್ಟುವ ಮೊದಲು ಅದನ್ನು ಇಳಿಸಿಕೊಳ್ಳಿ. ಸೂತ್ರ ಬಾಯಿಪಾಠ ಮಾಡಬೇಡಿ. ಯಾವ ಪದ ಕೊಟ್ಟರೆ ಯಾವ ಪುಟ ಬರುತ್ತದೆ ಅನ್ನುವುದು ಕೈಗೆ ಬರಬೇಕು. ನಮ್ಮ ಪಕ್ಕದ ಬೀದಿಯ ಹುಡುಗಿ ಅಮೆರಿಕಕ್ಕೆ ಹೊರಡುವ ಮುಂಚೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ರೈಲಿನಲ್ಲೇ ಎಫ್‌ಇ ಹ್ಯಾಂಡ್‌ಬುಕ್ ಮೊಬೈಲ್‌ನಲ್ಲಿ ತಿರುವಿ ಹಾಕಿದಳು, ಒಂದೇ ಅಟೆಂಪ್ಟ್‌ಗೆ ಪಾಸ್. ಗೊತ್ತಿಲ್ಲದ್ದಕ್ಕೂ ಏನಾದರೂ ಒಂದು ಒತ್ತಿ ಬನ್ನಿ, ತಪ್ಪಾದರೆ ಅಂಕ ಕಳೆಯುವುದಿಲ್ಲ.

ಕಾಗದ ಪತ್ರದ ಕೆಲಸ ಬೇಜಾರಿನದು, ಆದರೆ ಇಲ್ಲಿಂದಲೇ ಶುರುಮಾಡಿ. ನಮ್ಮ ಡಿಗ್ರಿಯನ್ನು ಅಲ್ಲಿನದಕ್ಕೆ ಹೋಲಿಸಿ ನೋಡುವುದನ್ನು ಬಹಳ ಬೋರ್ಡ್‌ಗಳು ಕೇಳುತ್ತವೆ, ಅದಕ್ಕೆ ಟ್ರಾನ್ಸ್‌ಕ್ರಿಪ್ಟ್ ಯೂನಿವರ್ಸಿಟಿಯಿಂದ ನೇರವಾಗಿ ಹೋಗಬೇಕು. ವಿಮಾನ ಹತ್ತಿದ ಮೇಲೆ ಅಪ್ಪನನ್ನು ಬೆಳಗಾವಿಯ ವಿಟಿಯು ಯೂನಿವರ್ಸಿಟಿಗೆ ಓಡಿಸಬೇಡಿ. ಕೆಲಸದ ಅನುಭವಕ್ಕೂ ಮೇಲಿನ ಪಿಇಯ ಸಹಿ ಬೇಕು. ನನ್ನ ಮೊದಲ ಮ್ಯಾನೇಜರ್ ಕಂಪನಿ ಬಿಟ್ಟು ಹೋಗಿದ್ದರು, ಅವರನ್ನು ಹುಡುಕಲು ನನಗೆ ತಿಂಗಳುಗಟ್ಟಲೆ ಹಿಡಿಯಿತು. ಕೆಲಸ ಬದಲಿಸುವ ವಾರವೇ ಸಹಿ ಮಾಡಿಸಿಕೊಳ್ಳಿ.

ಹೊರಡುವಾಗ ಆ ಅಮ್ಮ ಕೇಳಿದರು, ಕ್ಯಾಲ್ಕುಲೇಟರ್ ಹೊಸದು ಕೊಡಿಸಬೇಕಾ ಅಂತ. ಬೇಡ ಅಂದೆ. ಕ್ಯಾಸಿಯೊದಲ್ಲಿ ಎಫ್‌ಎಕ್ಸ್-115, ಎಫ್‌ಎಕ್ಸ್-991 ಅಂತ ಹೆಸರಿರುವವಕ್ಕೆ ಅಲ್ಲಿ ಅನುಮತಿ ಇದೆ. ಹುಡುಗ ಬ್ಯಾಗ್‌ನಿಂದ ತೆಗೆದು ತೋರಿಸಿದ, ಮೊದಲ ಸೆಮಿಸ್ಟರ್‌ನಲ್ಲಿ ತಗೊಂಡಿದ್ದ 991, ಹಿಂದೆ ಯುಎಸ್ಎನ್ (ಕಾಲೇಜಿನ ವಿದ್ಯಾರ್ಥಿ ನಂಬರ್) ಬರೆದ ಚೀಟಿ ಇನ್ನೂ ಅಂಟಿಕೊಂಡಿತ್ತು. ಚೀಟಿ ಕಿತ್ತುಹಾಕು, ಬ್ಯಾಟರಿ ಬದಲಾಯಿಸು ಅಂದೆ.