ಬ್ಯಾಗಿಗೆ ದುಡ್ಡಿದೆ, ಸಂಬಳಕ್ಕಿಲ್ಲ

ಜೂನ್ ತಿಂಗಳಲ್ಲಿ ಬೆಂಗಳೂರಿನ ಯಾವುದಾದರೂ ಸಣ್ಣ ಸೇವಾ ಸಂಸ್ಥೆಯ ಆಫೀಸಿಗೆ ಹೋಗಿ ನೋಡಿ. ಕೂರಲು ಜಾಗ ಇರುವುದಿಲ್ಲ. ಸ್ಕೂಲ್ ಬ್ಯಾಗು, ನೋಟ್‌ಬುಕ್ಕು, ಜಾಮಿಟ್ರಿ ಬಾಕ್ಸು ತುಂಬಿದ ರಟ್ಟಿನ ಡಬ್ಬಗಳು ಗೋಡೆಯುದ್ದಕ್ಕೂ ಪೇರಿಸಿರುತ್ತವೆ. ಒಂದೇ ಮಗುವಿಗೆ ಎರಡು ಮೂರು ಕಡೆಯಿಂದ ಬ್ಯಾಗು ಬಂದಿರುವುದೂ ಉಂಟು. ಆ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳಿಕೊಡುವ ಟೀಚರ್‌ಗೆ ಮಾತ್ರ ಏಪ್ರಿಲ್, ಮೇ ಸಂಬಳ ಇನ್ನೂ ಆಗಿರುವುದಿಲ್ಲ.

ನಾನು ಚಾರ್ಟರ್ಡ್ ಅಕೌಂಟೆಂಟ್. ಇಂಥ ಸಣ್ಣ ಟ್ರಸ್ಟುಗಳ ಲೆಕ್ಕ ಆಡಿಟ್ ಮಾಡುವುದು ನನ್ನ ಕೆಲಸದ ದೊಡ್ಡ ಪಾಲು. ಪೀಣ್ಯ, ಲಗ್ಗೆರೆ, ಥಣಿಸಂದ್ರ, ವರ್ತೂರು ಕಡೆ ಮಕ್ಕಳ ಓದು, ಹೆಂಗಸರ ದುಡಿಮೆ, ಮನೆಮಂದಿಯ ಆರೋಗ್ಯ ಈ ಮೂರನ್ನೂ ಹಿಡಿದುಕೊಂಡು ಕೆಲಸ ಮಾಡುವ ಸಂಸ್ಥೆಗಳು ಇವು. ಬೋರ್ಡು ಚಿಕ್ಕದು, ಆಫೀಸು ಬಾಡಿಗೆ ಮನೆ, ಜನ ಎಂಟೋ ಹತ್ತೋ. ಇವರಿಗೆ ದುಡ್ಡು ಕೊಡುವವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು ಒಂದೇ: ‘ನಮ್ಮ ದುಡ್ಡು ಸಂಬಳಕ್ಕೆ ಹೋಗಬಾರದು, ನೇರವಾಗಿ ಬಡವರಿಗೇ ತಲುಪಬೇಕು.’ ಒಳ್ಳೆಯ ಮನಸ್ಸಿನಿಂದ ಬರುವ ಮಾತೇ ಇದು. ಆದರೆ ಇದರಿಂದ ಆಗುತ್ತಿರುವ ನಷ್ಟ ದೊಡ್ಡದು. ಅದು ಎಲ್ಲಿ ಆಗುತ್ತದೆ ಅನ್ನುವುದು ವೋಚರ್ ಫೈಲಿನಲ್ಲಿ ಚೆನ್ನಾಗಿ ಕಾಣುತ್ತದೆ.

ಕೈಯಲ್ಲಿ ಬರೆದ ಒಂದು ವೋಚರ್. ‘ಆಟೋ, ಶೆಡ್‌ನಿಂದ ಆಸ್ಪತ್ರೆಗೆ, ಹೋಗಿ ಬಂದದ್ದು, 240 ರೂ.’ ಕೆಳಗೆ ಫೀಲ್ಡ್ ವರ್ಕರ್ ಸಹಿ. ಬಿಲ್ ಇಲ್ಲ. ಆಟೋದವರು ಬಿಲ್ ಕೊಡುವುದಿಲ್ಲವಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ವೋಚರುಗಳು ಕಡಿಮೆಯಾಗಿವೆ, ಆಟೋದ್ದು ಉಳಿದಿದೆ. ‘ಬಸ್ಸಲ್ಲಿ ಯಾಕೆ ಹೋಗಲಿಲ್ಲಮ್ಮ?’ ಅಂತ ಕೇಳಿದರೆ, ‘ನಿಂತ್ಕೊಳ್ಳೋಕೂ ಆಗ್ತಿರಲಿಲ್ಲ ಮೇಡಂ ಅವರಿಗೆ’ ಅನ್ನುತ್ತಾಳೆ.

‘ಅವರು’ ಯಾರು ಅಂತ ನೋಡುತ್ತಾ ಹೋದರೆ ಒಂದೇ ಮನೆಯ ಕಥೆ ಮೂರು ಫೈಲಿನಲ್ಲಿ ಸಿಗುತ್ತದೆ. ಯಾದಗಿರಿ ಕಡೆಯಿಂದ ಬಂದ ಕುಟುಂಬ. ಗಂಡ ಸೆಂಟ್ರಿಂಗ್ ಕೆಲಸ, ಹೆಂಡತಿ ಗಾರ್ಮೆಂಟ್ಸ್. ಹೆಂಡತಿಗೆ ಕೆಮ್ಮು, ಸಂಜೆ ಜ್ವರ, ಕಫ ಪರೀಕ್ಷೆಯಲ್ಲಿ ಟಿಬಿ. ಮಾತ್ರೆ ಸರ್ಕಾರದಿಂದ ಪುಕ್ಕಟೆ. ಸಾಮಾನ್ಯ ಟಿಬಿಗೆ ಆರು ತಿಂಗಳ ಚಿಕಿತ್ಸೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆ ಅಂತ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಆದರೆ ಈ ಹಣ ಬರಬೇಕಾದರೆ ಬ್ಯಾಂಕ್ ಖಾತೆ ಸರಿ ಇರಬೇಕು, ಹೆಸರು ನೋಂದಣಿ ಆಗಿರಬೇಕು. ಈ ಆರು ತಿಂಗಳಲ್ಲಿ ಹೆಂಡತಿಯ ದುಡಿಮೆ ನಿಂತಿತು. ಮನೆಯಲ್ಲಿ ಚಿಕ್ಕ ಮಗುವನ್ನು ನೋಡಿಕೊಳ್ಳಲು ಏಳನೇ ಕ್ಲಾಸಿನ ಹುಡುಗಿ ಸ್ಕೂಲು ಬಿಟ್ಟಳು.

ಈಗ ಲೆಕ್ಕ ನೋಡಿ. ಆಸ್ಪತ್ರೆಗೆ ಕರೆದುಕೊಂಡು ಹೋದದ್ದು, ಮಾತ್ರೆ ತಪ್ಪದಂತೆ ನೋಡಿಕೊಂಡದ್ದು ‘ಆರೋಗ್ಯ’ದ ಖರ್ಚು. ಹುಡುಗಿಯನ್ನು ಮತ್ತೆ ಸ್ಕೂಲಿಗೆ ಸೇರಿಸಿದ್ದು ‘ಶಿಕ್ಷಣ’. ಹೆಡ್‌ಮಾಸ್ಟರ್ ಊರಿನ ಸ್ಕೂಲಿನ ಟಿಸಿ ಕೇಳಿದ್ದರು. ಟಿಸಿ ತಡವಾಯಿತು ಅನ್ನುವ ಕಾರಣಕ್ಕೆ ಪ್ರವೇಶ ನಿರಾಕರಿಸುವ ಹಾಗಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಅದನ್ನು ಹೋಗಿ, ಕೂತು, ಜಗಳ ಮಾಡದೆ ಹೇಳಿ ಒಪ್ಪಿಸಬೇಕು. ಗಂಡನಿಗೆ ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಮಾಡಿಸಿದ್ದು, ಹೆಂಡತಿ ಚೇತರಿಸಿಕೊಂಡ ಮೇಲೆ ಸ್ವಸಹಾಯ ಸಂಘಕ್ಕೆ ಸೇರಿಸಿದ್ದು ‘ಆದಾಯ’. ಕಾರ್ಡಿಗೆ ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಮೇಸ್ತ್ರಿ ಸಹಿ ಹಾಕಲು ಹಿಂದೆ ಮುಂದೆ ನೋಡುತ್ತಾನೆ. ಅಲ್ಲಿಗೂ ಈ ಫೀಲ್ಡ್ ವರ್ಕರೇ ಓಡಾಡಬೇಕು.

ಮೂರು ಪ್ರಾಜೆಕ್ಟು, ಮೂವರು ದಾನಿಗಳು, ಮೂರು ವರದಿ. ಮನೆ ಒಂದು. ಓಡಾಡಿದವಳು ಒಬ್ಬಳು. ಇಡೀ ಫೈಲಿನಲ್ಲಿ ‘ವಸ್ತು’ ಅಂತ ಕೊಟ್ಟದ್ದು ಒಂದು ಸ್ಕೂಲ್ ಬ್ಯಾಗು ಮಾತ್ರ. ಉಳಿದದ್ದೆಲ್ಲ ಈ ಹೆಣ್ಣುಮಗಳ ಸಮಯ, ಅವಳ ಕಾಲು, ಅವಳ ಮಾತು. ಅವಳ ಸಂಬಳಕ್ಕೆ ದುಡ್ಡು ಕೊಡಲು ಮೂವರಲ್ಲಿ ಯಾರೂ ತಯಾರಿರುವುದಿಲ್ಲ. ‘ಅದು ಅಡ್ಮಿನ್ ಖರ್ಚು, ಅಲ್ವಾ ಮೇಡಂ?’ ಅಂತ ನನ್ನನ್ನೇ ಕೇಳುತ್ತಾರೆ.

ಅಲ್ಲ. ಹಾಗಂತ ಕಾನೂನೇ ಹೇಳುತ್ತದೆ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣವನ್ನೇ ತೆಗೆದುಕೊಳ್ಳಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನೆಟ್‌ವರ್ತ್, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2% ಹಣವನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಆಡಳಿತ ಖರ್ಚು 5% ಮೀರಬಾರದು ಅನ್ನುವ ನಿಯಮವೂ ಇದೆ. ಈ 5% ಅನ್ನು ಬಹಳ ಜನ ತಪ್ಪಾಗಿ ಓದುತ್ತಾರೆ. ಅದು ಕಂಪನಿಯು ತನ್ನ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಖರ್ಚಿಗೆ ಹಾಕಿದ ಮಿತಿ. ಯೋಜನೆಯನ್ನು ರೂಪಿಸಲು, ನಡೆಸಲು, ಗಮನಿಸಲು ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ. ಆದರೂ ಎಷ್ಟೋ ಒಪ್ಪಂದಗಳಲ್ಲಿ ಅದೇ 5% ಅನ್ನು ಟ್ರಸ್ಟಿನ ಮೇಲೆ ಹೇರಿ, ಟೀಚರ್ ಸಂಬಳವನ್ನೂ ಅದರೊಳಗೆ ತುರುಕಿರುತ್ತಾರೆ.

ವಿದೇಶಿ ದೇಣಿಗೆಯ ಕಾನೂನು (ಎಫ್‌ಸಿಆರ್‌ಎ) ಇನ್ನೂ ಬಿಗಿ. 2020ರ ತಿದ್ದುಪಡಿಯಲ್ಲಿ ಆಡಳಿತ ಖರ್ಚಿನ ಮಿತಿಯನ್ನು 50%ನಿಂದ 20%ಗೆ ಇಳಿಸಿದರು. ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವುದನ್ನೂ ನಿಲ್ಲಿಸಿದರು. ದೊಡ್ಡ ಸಂಸ್ಥೆಗಳ ಮೂಲಕ ವಿದೇಶಿ ಹಣ ಪಡೆಯುತ್ತಿದ್ದ ಸಣ್ಣ ಟ್ರಸ್ಟುಗಳಿಗೆ ಅಲ್ಲಿ ಏಟು ಬಿತ್ತು. ಇಷ್ಟು ಬಿಗಿಯಾದ ಎಫ್‌ಸಿಆರ್‌ಎ ನಿಯಮಗಳೂ ಆಸ್ಪತ್ರೆಯ ಡಾಕ್ಟರ ಸಂಬಳ, ಸ್ಕೂಲಿನ ಟೀಚರ ಸಂಬಳ ಆಡಳಿತ ಖರ್ಚಲ್ಲ ಅಂತ ಹೆಸರಿಟ್ಟೇ ಹೇಳುತ್ತವೆ. ಅಂದಮೇಲೆ ಸರ್ಕಾರವೇ ಒಪ್ಪಿದ್ದನ್ನು ನಾವು ಯಾಕೆ ಒಪ್ಪಬಾರದು?

ಹಾಗಂತ ಸಂಬಳ ಅಂತ ಬರೆದದ್ದೆಲ್ಲ ಸರಿ ಅಂತಲೂ ಅಲ್ಲ. ಟ್ರಸ್ಟಿಯ ತಮ್ಮ, ನಾದಿನಿ, ಅಳಿಯ ಎಲ್ಲರೂ ಸಂಬಳದ ಪಟ್ಟಿಯಲ್ಲಿದ್ದು, ಫೀಲ್ಡಿನಲ್ಲಿ ಯಾರಿಗೂ ಅವರ ಮುಖ ಗೊತ್ತಿಲ್ಲದ ಸಂಸ್ಥೆಗಳೂ ಇವೆ. ಟ್ರಸ್ಟಿಗಳಿಗೆ ಮತ್ತು ಅವರ ಸಂಬಂಧಿಕರಿಗೆ ಮಾಡಿದ ಕೆಲಸಕ್ಕಿಂತ ಜಾಸ್ತಿ ದುಡ್ಡು ಕೊಟ್ಟರೆ ತೆರಿಗೆ ವಿನಾಯಿತಿಗೇ ಕುತ್ತು ಬರುತ್ತದೆ. ಆಡಿಟ್ ವರದಿಯಲ್ಲಿ ಅಂಥ ಪಾವತಿಗಳನ್ನು ಬೇರೆಯಾಗಿ ತೋರಿಸಬೇಕು. ನೀವು ದಾನಿಯಾಗಿದ್ದರೆ ಆ ಪುಟವನ್ನು ಕೇಳಿ ಪಡೆಯಿರಿ. ಕೊಡಲು ಹಿಂಜರಿದರೆ ನೀವೂ ಹಿಂಜರಿಯಿರಿ.

ಆದಾಯದ ಪ್ರಾಜೆಕ್ಟುಗಳ ಬಗ್ಗೆ ನನಗೆ ಸ್ವಲ್ಪ ಕಟುವಾದ ಅಭಿಪ್ರಾಯವಿದೆ. ಹೊಲಿಗೆ ಯಂತ್ರ ಹಂಚುವುದು ಎಲ್ಲರಿಗೂ ಇಷ್ಟ. ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಹತ್ತು ಅಡಿ ಉದ್ದದ ಶೀಟ್ ಮನೆಯಲ್ಲಿ ಯಂತ್ರ ಇಡಲು ಜಾಗ ಎಲ್ಲಿ? ಹೊಲಿಗೆ ಆರ್ಡರ್ ಕೊಡುವವರು ಯಾರು? ಸ್ವಲ್ಪ ದಿನಕ್ಕೆ ಅದು ಬಟ್ಟೆ ಮಡಚಿಡುವ ಟೇಬಲ್ ಆಗಿರುತ್ತದೆ. ಅದಕ್ಕಿಂತ ನಿಧಾನವಾಗಿ, ಗಟ್ಟಿಯಾಗಿ ಕೆಲಸ ಮಾಡುವುದು ಸ್ವಸಹಾಯ ಸಂಘ. ಹತ್ತರಿಂದ ಇಪ್ಪತ್ತು ಹೆಂಗಸರು ತಪ್ಪದೆ ಸಭೆ ಸೇರಬೇಕು, ಉಳಿಸಬೇಕು, ಒಳಗೊಳಗೇ ಸಾಲ ಕೊಟ್ಟುಕೊಳ್ಳಬೇಕು, ಹೊತ್ತಿಗೆ ಸರಿಯಾಗಿ ವಾಪಸ್ ಮಾಡಬೇಕು, ಪುಸ್ತಕ ಬರೆದಿಡಬೇಕು. ಆರು ತಿಂಗಳು ಹೀಗೆ ನಡೆದರೆ ಬ್ಯಾಂಕು ಸಾಲ ಕೊಡಲು ಮುಂದೆ ಬರುತ್ತದೆ. ಈ ಐದರಲ್ಲಿ ಮುಗ್ಗರಿಸುವುದು ಹೆಚ್ಚಾಗಿ ಕೊನೆಯದೇ. ಪುಸ್ತಕ ಬರೆಯುವವರಿಲ್ಲದೆ ಸಂಘ ಒಡೆಯುತ್ತದೆ. ‘ನಾನು ಇನ್ನೂರು ಕಟ್ಟಿದ್ದೆ’, ‘ಇಲ್ಲಕ್ಕಾ, ನೂರೇ ಬರೆದಿದೆ’, ಅಷ್ಟು ಸಾಕು. ವಾರಕ್ಕೊಮ್ಮೆ ಬಂದು ಪುಸ್ತಕ ನೋಡುವ ಒಬ್ಬ ಕಾರ್ಯಕರ್ತೆ ಇದ್ದರೆ ಈ ಜಗಳ ಹುಟ್ಟುವುದೇ ಇಲ್ಲ. ಅವಳ ಫೋಟೋ ಯಾವ ವರದಿಯಲ್ಲೂ ಇರುವುದಿಲ್ಲ.

ಇಂಥವರ ಬದುಕು ಹೇಗಿದೆ ಅಂತಲೂ ಹೇಳಬೇಕು. ಬೇರೆಯವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಮಾಡಿಸಿಕೊಡುವ ಹುಡುಗಿಗೆ ತನ್ನದೇ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇರುವುದಿಲ್ಲ. ಹತ್ತು ಜನ ಇಲ್ಲದ ಸಂಸ್ಥೆಗೆ ಅದು ಕಡ್ಡಾಯವಲ್ಲ. ಪ್ರಾಜೆಕ್ಟ್ ಮಾರ್ಚ್‌ಗೆ ಮುಗಿಯುತ್ತದೆ, ಹೊಸದು ಮಂಜೂರಾಗುವ ಹೊತ್ತಿಗೆ ಮಳೆಗಾಲ ಬಂದಿರುತ್ತದೆ. ನಡುವಿನ ತಿಂಗಳುಗಳಲ್ಲಿ ಅವಳು ಸೂಪರ್ ಮಾರ್ಕೆಟ್ಟಿನ ಬಿಲ್ಲಿಂಗ್ ಕೆಲಸಕ್ಕೆ ಹೋಗಿಬಿಡುತ್ತಾಳೆ. ಹೋದವಳು ವಾಪಸ್ ಬರುವುದಿಲ್ಲ. ಅವಳ ಜೊತೆ ಆ ಬೀದಿಯ ನಂಬಿಕೆಯೂ ಹೋಗುತ್ತದೆ. ಹೊಸಬಳು ಬಂದು ಅದೇ ಮನೆಗಳ ಬಾಗಿಲು ಮತ್ತೆ ಮೊದಲಿನಿಂದ ತಟ್ಟಬೇಕು.

ಟ್ರಸ್ಟು ಸ್ವಲ್ಪ ಉಳಿಸಿಟ್ಟುಕೊಂಡು ಈ ತಿಂಗಳುಗಳನ್ನು ದಾಟಬಾರದೇ ಅಂತ ನೀವು ಕೇಳಬಹುದು. ಸುಲಭವಿಲ್ಲ. ತೆರಿಗೆ ವಿನಾಯಿತಿ ಉಳಿಯಬೇಕಾದರೆ ವರ್ಷದ ಆದಾಯದ 85% ಅನ್ನು ಟ್ರಸ್ಟಿನ ಉದ್ದೇಶಕ್ಕೆ ಖರ್ಚು ಮಾಡಬೇಕು, ಇಲ್ಲವೇ ಯಾತಕ್ಕೆ ಕೂಡಿಡುತ್ತಿದ್ದೇವೆ ಅಂತ ಆದಾಯ ತೆರಿಗೆ ಇಲಾಖೆಗೆ ಬರೆದುಕೊಡಬೇಕು. ಸುಮ್ನೆ ಇಟ್ಟುಕೊಳ್ಳಲು ಬಿಡುವುದು 15% ಮಾತ್ರ. ಬಂದ ದುಡ್ಡೆಲ್ಲ ‘ಬ್ಯಾಗಿಗೆ’ ಅಂತಲೇ ಬಂದಿದ್ದರೆ ಆ 15% ಕೂಡ ಉಳಿಯುವುದಿಲ್ಲ. ‘ಕಾರ್ಪಸ್‌ಗೆ’ ಅಂತ ಬರೆದೇ ಕೊಟ್ಟರೆ ಅದು ಮೂಲಧನವಾಗಿ ಉಳಿಯುತ್ತದೆ, ಬಡ್ಡಿ ಬಳಸಬಹುದು. ಆದರೆ ಆ ರೀತಿ ಕೊಡುವವರು ಅಪರೂಪ.

ದಾನಿಗಳು ತೆರಿಗೆಯ ವಿಚಾರವನ್ನೂ ತಿಳಿದಿರಲಿ. 80ಜಿ ಅಂತ ಎಲ್ಲರ ಬಾಯಲ್ಲಿರುವ, ದೇಣಿಗೆ ಕೊಟ್ಟವರಿಗೆ ಸಿಗುವ ತೆರಿಗೆ ರಿಯಾಯಿತಿ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಸಿಗುವುದಿಲ್ಲ. ಹಳೆಯದರಲ್ಲಿ ಇರುವವರಿಗೆ ಇಂಥ ಟ್ರಸ್ಟುಗಳಿಗೆ ಕೊಟ್ಟದ್ದರ ಅರ್ಧಕ್ಕೆ, ಅದೂ ಒಂದು ಮಿತಿಯೊಳಗೆ. 2,000 ರೂಪಾಯಿ ದಾಟಿದ ಮೊತ್ತವನ್ನು ನಗದಾಗಿ ಕೊಟ್ಟರೆ ಏನೂ ಸಿಗದು. ಬ್ಯಾಗು, ಬಟ್ಟೆ, ಅಕ್ಕಿ ಕೊಟ್ಟರೂ ಅಷ್ಟೇ, ವಸ್ತುವಿಗೆ ರಿಯಾಯಿತಿ ಇಲ್ಲ. ಬರೀ ರಸೀದಿ ಸಾಲುವ ಕಾಲವೂ ಹೋಯಿತು. 2021-22ರಿಂದ ಟ್ರಸ್ಟು ನಿಮ್ಮ ದೇಣಿಗೆಯ ವಿವರವನ್ನು ಇಲಾಖೆಗೆ ಸಲ್ಲಿಸಿ, ಅಲ್ಲಿಂದ ತೆಗೆದ ಸರ್ಟಿಫಿಕೇಟ್ ಕೊಡಬೇಕು.

ಕೊಡುವ ಮುಂಚೆ ಸಂಸ್ಥೆಗೆ ಹೋಗಿ ಬನ್ನಿ, ಕಾರ್ಯಕ್ರಮದ ದಿನ ಬೇಡ, ವಾರದ ಮಧ್ಯೆ ಒಂದು ಸಂಜೆ ಹೋಗಿ. ಎಷ್ಟು ಮಕ್ಕಳಿಗೆ ಏನು ಹಂಚಿದಿರಿ ಅಂತ ಕೇಳುವುದಕ್ಕಿಂತ, ಹೋದ ಜೂನ್‌ನಲ್ಲಿ ಸೇರಿದ ಮಕ್ಕಳಲ್ಲಿ ಎಷ್ಟು ಜನ ಈಗಲೂ ಬರುತ್ತಿದ್ದಾರೆ ಅಂತ ಕೇಳಿ. ನಿಮ್ಮ ಕಾರ್ಯಕರ್ತೆಯರು ಎಷ್ಟು ವರ್ಷದಿಂದ ಇಲ್ಲಿದ್ದಾರೆ ಅಂತ ಕೇಳಿ. ನಾನು ಕಂಡಂತೆ, ಎರಡನೆಯದಕ್ಕೆ ಒಳ್ಳೆಯ ಉತ್ತರ ಇರುವ ಕಡೆ ಮೊದಲನೆಯದಕ್ಕೂ ಇರುತ್ತದೆ.

ಆಮೇಲೆ ಕೊಡುವ ರೀತಿ. ವರ್ಷಕ್ಕೊಮ್ಮೆ 12,000 ಕೊಡುವ ಬದಲು ತಿಂಗಳಿಗೆ 1,000 ಕೊಡಿ. ಬ್ಯಾಂಕಿನಲ್ಲಿ ಒಂದು ಸೂಚನೆ ಕೊಟ್ಟರೆ ಸಾಕು, ತಾನಾಗಿಯೇ ಹೋಗುತ್ತದೆ. ಅಂಥ ಇಪ್ಪತ್ತು ಜನ ಸಿಕ್ಕರೆ ಒಬ್ಬ ಕಾರ್ಯಕರ್ತೆಯ ಸಂಬಳದ ಆಸುಪಾಸಿಗೆ ಬಂದಂತೆ. ದುಡ್ಡು ಕಳಿಸುವಾಗ ಇಮೇಲ್‌ನಲ್ಲೋ ಪತ್ರದಲ್ಲೋ ಹೀಗೆ ಒಂದು ಸಾಲು ಬರೆಯಿರಿ: ‘ಈ ಹಣವನ್ನು ಸಿಬ್ಬಂದಿ ಸಂಬಳವೂ ಸೇರಿ ಸಂಸ್ಥೆಯ ಯಾವುದೇ ಕೆಲಸಕ್ಕೆ ಬಳಸಬಹುದು.’ ಆ ಸಾಲು ಇಲ್ಲದೆ ‘ಮಕ್ಕಳಿಗೆ’ ಅಂತಷ್ಟೇ ಬರೆದಿದ್ದರೆ ಟ್ರಸ್ಟಿನವರು ಹೆದರಿಕೊಂಡು ಮತ್ತೆ ಬ್ಯಾಗನ್ನೇ ಕೊಳ್ಳುತ್ತಾರೆ. ಬರೆದಿದ್ದರೆ ಅವರು ಸಂಬಳ ಕೊಡಬಹುದು, ಆಡಿಟ್‌ನಲ್ಲಿ ನಾನೂ ಅದನ್ನು ಪ್ರಶ್ನಿಸುವುದಿಲ್ಲ.