ಕಾಣಲೆಂದೇ ದೀಪ ಹಚ್ಚಿದ ಹಡಗು

ರಾತ್ರಿ ಚಕ್ಕಡಿ ಹೂಡಿದರೆ ನಮ್ಮಜ್ಜ ಅದರ ಕೆಳಗೊಂದು ಕಂದೀಲು ಕಟ್ಟುತ್ತಿದ್ದ. ದಾರಿ ಎತ್ತುಗಳಿಗೆ ಗೊತ್ತೇ ಇತ್ತು. ಕಂದೀಲು ಇದ್ದದ್ದು ಎದುರು ಬರುವ ಲಾರಿಯವನಿಗೆ ಕಾಣಲಿ ಅಂತ. 1943ರಲ್ಲಿ ಒಂದು ಹಡಗು ಇದೇ ಉಪಾಯ ನಂಬಿ ಅರ್ಧ ಭೂಮಿ ಸುತ್ತಿ ಗೋವಾಕ್ಕೆ ಬಂತು.

ಹೆಸರು ಗ್ರಿಪ್ಸ್‌ಹೋಮ್. ಸ್ವೀಡನ್ ದೇಶದ್ದು, 1925ರಲ್ಲಿ ಓಡಾಟ ಶುರು ಮಾಡಿದ ಡೀಸೆಲ್ ಹಡಗು. ಎರಡನೇ ಮಹಾಯುದ್ಧದಲ್ಲಿ ಸ್ವೀಡನ್ ಯಾರ ಕಡೆಗೂ ಇರಲಿಲ್ಲ. ಹಾಗಾಗಿ ಅಮೆರಿಕ ಇದನ್ನು ಬಾಡಿಗೆಗೆ ಹಿಡಿಯಿತು. ಅಮೆರಿಕದ ಕಡೆ ಸಿಕ್ಕಿಬಿದ್ದ ಜಪಾನೀಯರನ್ನು ಒಯ್ದು ಕೊಡುವುದು, ಜಪಾನ್ ಹಿಡಿತದಲ್ಲಿದ್ದ ತಮ್ಮವರನ್ನು ಕರೆತರುವುದು. ಸ್ವಿಟ್ಜರ್ಲೆಂಡ್ ಮತ್ತು ಸ್ಪೇನ್ ನಡುವೆ ನಿಂತು ಮಾತುಕತೆ ನಡೆಸಿದವು.

ಕೊಡು-ಕೊಳ್ಳುವ ಜಾಗ ಮಾರ್ಮಗೋವಾ ಬಂದರು. ಗೋವಾ ಆಗ ಪೋರ್ಚುಗಲ್ ಕೈಯಲ್ಲಿತ್ತು, ಪೋರ್ಚುಗಲ್ ಕೂಡ ತಟಸ್ಥ. ನಮಗೇನೂ ದೂರದ ಊರಲ್ಲ ಅದು. ಹುಬ್ಬಳ್ಳಿಯಲ್ಲಿ ವಾಸ್ಕೋ ರೈಲು ಹತ್ತಿ, ಕ್ಯಾಸಲ್‌ರಾಕ್ ದಾಟಿ ಘಟ್ಟ ಇಳಿದರೆ ಬಂತು. ನಮ್ಮ ಸೀಮೆಯ ಹತ್ತಿ ಹಡಗು ಹತ್ತಲಿ ಅಂತ ಹಾಕಿದ ದಾರಿಯಲ್ವಾ ಅದು! ಅದೇ ವರ್ಷ ಮಾರ್ಚ್‌ನಲ್ಲಿ ಬ್ರಿಟಿಷರ ಗುಟ್ಟಿನ ದಾಳಿಯಿಂದಾಗಿ ಅಲ್ಲಿ ನಿಂತಿದ್ದ ಜರ್ಮನ್ ಹಡಗುಗಳು ಮುಳುಗಿದ್ದವು. ಅಕ್ಟೋಬರ್‌ನಲ್ಲಿ ಗ್ರಿಪ್ಸ್‌ಹೋಮ್ ಮತ್ತು ಜಪಾನಿನ ತೇಯಾ ಮಾರು ಬಂದು ನಿಂತವು. ಈ ಕಡೆ ಸುಮಾರು 1,500 ಜನ, ಆ ಕಡೆಯೂ ಹೆಚ್ಚುಕಡಿಮೆ ಅಷ್ಟೇ. ಇವರು ಅಲ್ಲಿ ಹತ್ತಿದರು, ಅವರು ಇಲ್ಲಿ ಹತ್ತಿದರು.

ನನಗೆ ಇದಕ್ಕಿಂತ ಸೋಜಿಗ ಅನಿಸುವುದು ಪ್ರಯಾಣ. ಯುದ್ಧದ ಹೊತ್ತಲ್ಲಿ ಹಡಗುಗಳು ರಾತ್ರಿ ಬೀಡಿಯ ಕಿಡಿಯೂ ಕಾಣದಂತೆ ಕತ್ತಲು ಮಾಡಿಕೊಂಡು ಓಡುತ್ತಿದ್ದವು. ನೀರಡಿ ಕಾದಿರುವ ಸಬ್‌ಮರೀನ್‌ಗೆ ಪೆರಿಸ್ಕೋಪಿನಲ್ಲಿ ಬರೀ ಒಂದು ಕಪ್ಪು ಆಕಾರ ಕಂಡರೂ ಸಾಕು, ಗುರಿಯಿಡುತ್ತದೆ. ಗ್ರಿಪ್ಸ್‌ಹೋಮ್ ಇದಕ್ಕೆ ತೀರಾ ಉಲ್ಟಾ. ಪಕ್ಕೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಡಿಪ್ಲೊಮ್ಯಾಟ್’ ಅಂತ ಬರೆದು, ಸ್ವೀಡನ್ನಿನ ಬಾವುಟ ಬಳಿದು, ಅದರ ಮೇಲೆ ದೀಪ ಬಿಟ್ಟಿದ್ದರು. ಜಾತ್ರೆಯ ತೇರಿನ ಹಾಗೆ ಝಗಝಗಿಸುತ್ತ ಹೋಗುವುದು. ಹೋಗುವ ದಾರಿಯನ್ನೂ ಮೊದಲೇ ಎರಡೂ ಕಡೆಯವರಿಗೆ ತಿಳಿಸಿರುತ್ತಿದ್ದರು.

ಆದರೆ ಈ ಉಪಾಯ ನಡೆಯುವುದು ಎದುರಿನವನು ಕಣ್ಣಿಂದ ನೋಡಿದರೆ ಮಾತ್ರ. ಚಳಿಗಾಲದ ಬೆಳಗ್ಗೆ ಧಾರವಾಡ ಬೈಪಾಸಿನಲ್ಲಿ ಗಾಡಿ ಓಡಿಸಿದವರಿಗೆ ಮಂಜಿನ ಆಟ ಗೊತ್ತು. ಹೆಡ್‌ಲೈಟ್ ಜಾಸ್ತಿ ಮಾಡಿದಷ್ಟೂ ಎದುರಿಗೆ ಬಿಳಿ ಗೋಡೆಯೇ. ಮಂಜಿನ ಹನಿಗಳು ಬೆಳಕನ್ನು ಎಲ್ಲ ಕಡೆ ಚೆದುರಿಸಿಬಿಡುತ್ತವೆ. ರಾಡಾರಿನ ಅಲೆ ಹಾಗಲ್ಲ. ಅದರ ಉದ್ದ ಸೆಂಟಿಮೀಟರುಗಳ ಲೆಕ್ಕದ್ದು, ಹನಿ ಅದರ ಮುಂದೆ ಧೂಳಿನ ಕಣ. ಹಾಗಾಗಿ ಮಂಜು ದಾಟಿ ಹೋಗುತ್ತದೆ, ಕಬ್ಬಿಣಕ್ಕೆ ತಾಗಿ ವಾಪಸ್ ಬರುತ್ತದೆ. ತರುವುದು ಒಂದು ಚುಕ್ಕೆ ಅಷ್ಟೇ. ಬಣ್ಣ, ಬಾವುಟ, ಬರಹ ಒಂದೂ ಅದರಲ್ಲಿ ಇರುವುದಿಲ್ಲ.

1945ರ ಏಪ್ರಿಲ್ 1. ಜಪಾನಿನ ಅವಾ ಮಾರು ಊರಿಗೆ ಮರಳುತ್ತಿತ್ತು. ಯುದ್ಧಕೈದಿಗಳಿಗೆ ರೆಡ್‌ಕ್ರಾಸ್ ಸಾಮಾನು ಮುಟ್ಟಿಸಿದ್ದ ಹಡಗು, ಅದನ್ನು ಮುಟ್ಟುವುದಿಲ್ಲ ಅಂತ ಅಮೆರಿಕ ಮಾತು ಕೊಟ್ಟಿತ್ತು. ಪಕ್ಕೆಗೆ ಬಿಳಿ ಶಿಲುಬೆಗಳಿದ್ದವು. ಅವತ್ತು ದಟ್ಟ ಮಂಜು. ಅಮೆರಿಕದ ಸಬ್‌ಮರೀನ್ ಕ್ವೀನ್‌ಫಿಶ್ ರಾಡಾರಿನಲ್ಲಿ ಕಂಡ ಚುಕ್ಕೆಯನ್ನು ಯುದ್ಧನೌಕೆ ಅಂದುಕೊಂಡು ಟಾರ್ಪಿಡೊ ಬಿಟ್ಟಿತು. ಹಡಗಿನಲ್ಲಿದ್ದವರು 2,000ಕ್ಕೂ ಹೆಚ್ಚು. ಉಳಿದವನು ಒಬ್ಬನೇ. ಅವನನ್ನು ನೀರಿನಿಂದ ಎತ್ತಿಕೊಂಡ ಮೇಲೆಯೇ ಸಬ್‌ಮರೀನಿನವರಿಗೆ ತಾವು ಮುಳುಗಿಸಿದ ಹಡಗಿನ ಹೆಸರು ಗೊತ್ತಾದದ್ದು.